ರೊವೆನಾಳನ್ನು ಬೆಳೆಸಿದವರು

ಸೆಪ್ಟೆಂಬರ್ ೨, ಮಂಗಳವಾರ

ನನಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾದ ಮೇಲೆ ಕ್ಲಿನಿಕ್ಕಿನ ಡಾಕ್ಟರಮ್ಮ ದಿನಾ ಏನು ತಿಂದೆ ಅಂತ ಬರೆದಿಡು ಅಂದಿದ್ದಾಳೆ. ಅವಳಿಗೆ ತೋರಿಸುವ ಪುಸ್ತಕ ಬೇರೆ ಇದೆ. ಅದರಲ್ಲಿ ಬೇಯಿಸಿದ ಮೀನು, ಸೋರೆಕಾಯಿ, ಮತ್ತೆ ಸೋರೆಕಾಯಿ. ಇದು ನನಗೇ ಅಂತ ಇಟ್ಟುಕೊಂಡದ್ದು. ಇದರಲ್ಲಿ ಸುಳ್ಳು ಬರೆಯುವುದಿಲ್ಲ.

ಬೆಳಿಗ್ಗೆ: ಬೆಳ್ಳುಳ್ಳಿ ಅನ್ನ, ಸಿಹಿ ಹಂದಿಮಾಂಸ ನಾಲ್ಕು ತುಂಡು. ಮಧ್ಯಾಹ್ನ: ಅದೇ, ಐದು ತುಂಡು.

ಇವತ್ತೂ ವೆಂಗ್ ನನ್ನ ಊಟದ ಅಂಗಡಿಗೆ ಬಂದು ಒಂದು ಗಂಟೆ ಬೆಂಚು ಹಿಡಿದುಕೊಂಡಳು. ಅವಳ ಪೂರ್ತಿ ಹೆಸರು ರೊವೆನಾ ಮನಾಲಸ್ತಾಸ್. ಆಚೆ ಬೀದಿಯ ಕ್ರಿಸ್ಮಸ್ ಲಾಟೀನು ಕಾರ್ಖಾನೆಯಲ್ಲಿ ತಂತಿ ಬೆಸೆಯುವ ಕೆಲಸ, ಬಿಡುವಾದರೆ ಪಕ್ಕದ ಹಾಲ್‌ನಲ್ಲಿ ಕೋಲಿನಿಂದ ಚೆಂಡು ಗುಂಡಿಗೆ ತಳ್ಳುವ ಪೂಲ್ ಆಟ. ವಯಸ್ಸು ಇಪ್ಪತ್ತೊಂಬತ್ತು, ಏಳು ವರ್ಷದಿಂದ ಊಟ ನನ್ನಲ್ಲೇ. ತಗೊಳ್ಳುವುದು ಒಂದು ಬಟ್ಟಲು ಅನ್ನ, ಸಾರು ಹೇಗೂ ಪುಕ್ಕಟೆ. ತಿಂದಾದ ಮೇಲೆ ಬಟಾಣಿ ಕಾಳುಗಳನ್ನು ಮೇಜಿನ ಮೇಲೆ ಹರಡಿ ಚಮಚದ ಹಿಡಿಯಿಂದ ತಳ್ಳುತ್ತಾ ಕೂರುತ್ತಾಳೆ. ಗಿರಾಕಿಗಳು ನಿಂತುಕೊಂಡು ಉಣ್ಣಬೇಕು.

"ಏಳ್ತೀಯೋ, ಇಲ್ಲ ನಿನ್ನನ್ನೂ ಒರೆಸಲೋ?" ಅಂದೆ.

"ಇನ್ನೊಂದೇ ಕಾಳು ಅಕ್ಕ," ಅಂದಳು.

ಉಪ್ಪು ಹಾಕಿಟ್ಟ ಬಾತುಕೋಳಿ ಮೊಟ್ಟೆಗಳಲ್ಲಿ ಒಂದು ಒಡೆದಿತ್ತು. ಅದನ್ನು ಯಾರೂ ಕೊಳ್ಳುವುದಿಲ್ಲ, ಬೆಕ್ಕಿಗೆ ಹಾಕಿದರೆ ಇಡೀ ದಿನ ಕಾಲು ಸುತ್ತುತ್ತದೆ. ಹಾಗಾಗಿ ವೆಂಗ್‌ಗೆ ಕೊಟ್ಟು ಎಬ್ಬಿಸಿದೆ.

ಸೆಪ್ಟೆಂಬರ್ ೮, ಸೋಮವಾರ

ಬೆಳಿಗ್ಗೆ: ಅಕ್ಕಿ ಕಡುಬು ಮೂರು, ಮೇಲೆ ತೆಂಗಿನತುರಿ ಮತ್ತು ಬೆಲ್ಲ. (ಡಾಕ್ಟರಮ್ಮನ ಪುಸ್ತಕದಲ್ಲಿ: ಸೋರೆಕಾಯಿ.)

ವೆಂಗ್ ನಿನ್ನೆ ಆಂಜೆಲೆಸ್ ಪಟ್ಟಣದ ಪಂದ್ಯದಲ್ಲಿ ಅರವತ್ತನಾಲ್ಕು ಹೆಂಗಸರಲ್ಲಿ ಮೊದಲು ಬಂದಳಂತೆ. ಅಕ್ಟೋಬರ್ ಹನ್ನೊಂದಕ್ಕೆ ಮನಿಲಾದಲ್ಲಿ ದೊಡ್ಡ ಪಂದ್ಯ. ಅಲ್ಲಿ ಗೆದ್ದವಳು ತೈವಾನ್‌ಗೆ ಹೋಗುತ್ತಾಳೆ. ಬಟಾಣಿ ತಳ್ಳುವವಳು ತೈವಾನ್‌ಗೆ ಹೋಗುವ ಕಾಲ ಬಂತು.

ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದರೆ ಎದುರಿಗೇ ಒಂದು ಫ್ಲೆಕ್ಸ್. ನಮ್ಮ ಬಡಾವಣೆಯ ಮುಖ್ಯಸ್ಥ ಕಪಿತಾನ್ ಫೋರ್ತುನಾತೋ ಸುಂಗಾ ಹಲ್ಲು ಕಿರಿದು ನಿಂತಿದ್ದಾರೆ. ಮುಖವೊಂದೇ ಎತ್ತಿನಗಾಡಿ ಚಕ್ರದಷ್ಟಿದೆ. ಮೂಲೆಯಲ್ಲಿ ನನ್ನ ಹೆಬ್ಬೆರಳಿನಷ್ಟು ವೆಂಗ್. ಅವಳ ಕೈಯಲ್ಲಿನ ಕೋಲು ಕಪಿತಾನರ ಕಿವಿಯೊಳಗೆ ಹೋಗಿ ಮಾಯವಾಗಿದೆ. ಕೆಳಗೆ ಬರೆದದ್ದು: "ರೊವೆನಾಳ ಶಿಲ್ಪಿ, ಪೂಲ್ ಆಟದ ಪಿತಾಮಹ, ಕಪಿತಾನ್ ಸುಂಗಾ ಅವರಿಗೆ ಹಾರ್ದಿಕ ಅಭಿನಂದನೆಗಳು. ಇಂತಿ, ಕಪಿತಾನ್ ಸುಂಗಾ."

ಕಾಫಿಗೆ ಬಂದಾಗ ಕೇಳಿಯೇ ಬಿಟ್ಟೆ. "ಕಪಿತಾನರೇ, ಅವಳಿಗೆ ನೀವು ಏನು ಮಾಡಿದ್ರಿ?"

"ಏನು ಮಾಡಿಲ್ಲ ಕೇಳು. ಕೋಲಿನ ತುದಿಗೆ ಹಚ್ಚೋ ನೀಲಿ ಸೀಮೆಸುಣ್ಣ ಯಾರು ಕೊಟ್ಟಿದ್ದು?"

"ಎಷ್ಟು?"

"ಎಷ್ಟು ಅಂತ ಲೆಕ್ಕ ಹಾಕೋಕೆ ಅದೇನು ಗೆಣಸಾ? ಒಂದು ಕೊಟ್ಟೆ. ಅದೇ ಬುನಾದಿ."

ಸೀಮೆಸುಣ್ಣ ಕೊಟ್ಟವನೆಲ್ಲ ಪಿತಾಮಹ ಆದರೆ ನಮ್ಮ ಶಾಲೆಯ ಜವಾನ ದೇಶಕ್ಕೇ ಅಪ್ಪನಾಗಬೇಕು. ಜನಕ್ಕೆ ನಾಚಿಕೆ ಅನ್ನುವುದು ಇರಬೇಕು.

ಸೆಪ್ಟೆಂಬರ್ ೧೦, ಬುಧವಾರ

ಇವತ್ತು ಬೀದಿಯ ಆ ಬದಿಗೆ ಇನ್ನೂ ದೊಡ್ಡ ಫ್ಲೆಕ್ಸ್. ಇದು ಮಿಂಗ್ ತಿಗ್ಲಾವೋ ಅವರದ್ದು. ಶವಪೆಟ್ಟಿಗೆ ಅಂಗಡಿ ಅವರದ್ದೇ. ಪೆಟ್ಟಿಗೆ, ಹೂವು, ಗಾಡಿ, ಅಳುವವರಿಗೆ ಕುರ್ಚಿ, ಎಲ್ಲ ಒಂದೇ ಕಡೆ ಸಿಗುತ್ತದೆ. "ರೊವೆನಾಳ ಮಹಾಪೋಷಕ" ಅಂತ ಹಾಕಿಸಿಕೊಂಡಿದ್ದಾರೆ. ಅವರ ಅಂಗಡಿಯ ಫ್ಲೆಕ್ಸ್ ಮಾಡುವವನಿಗೆ ಒಂದೇ ನಮೂನೆ ಬರುವುದು. ಅಂಡಾಕಾರದ ಚೌಕಟ್ಟಿನಲ್ಲಿ ವೆಂಗ್, ಸುತ್ತ ಬಿಳಿ ಲಿಲ್ಲಿ ಹೂವು, ಎರಡು ಕಡೆ ಮೇಣದಬತ್ತಿ, ತಲೆ ಮೇಲೆ ಪಾರಿವಾಳ.

ಒಂಬತ್ತು ಗಂಟೆಯೊಳಗೆ ನಾಲ್ಕು ಜನ ಶಿಲುಬೆ ಗುರುತು ಹಾಕಿಕೊಂಡು ಹೋದರು. ವೆಂಗ್‌ಳ ಸೋದರತ್ತೆ ಸುದ್ದಿ ಕೇಳಿ ಗ್ವಾಗ್ವಾ ಅನ್ನುವ ಊರಿನಿಂದ ಬಂದು ಅಳುತ್ತಾ ಬಸ್ಸಿಳಿದಳು. ನನ್ನ ಬೆಂಚಿನ ಮೇಲೆ ವೆಂಗ್ ಸಾರು ಕುಡಿಯುತ್ತಿದ್ದದ್ದು ಕಂಡು, ಬದುಕಿದ್ದಕ್ಕೆ ಅವಳ ಬೆನ್ನಿಗೆ ಎರಡು ಬಾರಿಸಿದಳು.

"ಫ್ಲೆಕ್ಸ್ ತೆಗೆಸಿ ಅಣ್ಣ," ಅಂತ ವೆಂಗ್ ಮಿಂಗ್ ಅಣ್ಣನಿಗೆ ಹೇಳಿದಳು.

"ನಲವತ್ತು ದಿನಕ್ಕೆ ಮೊದಲು ತೆಗೆದ್ರೆ ಒಳ್ಳೇದಲ್ಲ," ಅಂದರು ಅವರು, ಸತ್ತವರ ಮನೆಯವರಿಗೆ ಹೇಳುವ ಅಭ್ಯಾಸಬಲದಿಂದ.

ಹೊಟ್ಟೆ ಹಿಡಿದು ನಕ್ಕೆ. ಮಧ್ಯಾಹ್ನ: ನೂಡಲ್ಸ್, ಎರಡು ತಟ್ಟೆ.

ಸೆಪ್ಟೆಂಬರ್ ೨೦, ಶನಿವಾರ

ಬಡಾವಣೆಯ ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಸಭೆ. ವಿಷಯ: ರೊವೆನಾಳನ್ನು ಬೆಳೆಸಿದವರು ಯಾರು. ಅಧ್ಯಕ್ಷತೆ ಕಪಿತಾನರದ್ದೇ. ವೆಂಗ್‌ಳನ್ನು ಯಾರೂ ಕರೆದಿರಲಿಲ್ಲ, ಅವಳಿಗೆ ಕಾರ್ಖಾನೆಯಲ್ಲಿ ಕ್ರಿಸ್ಮಸ್ ಲಾಟೀನುಗಳ ಕೆಲಸ ತಲೆ ಮೇಲೆ ಕೂತಿತ್ತು.

ಮಿಂಗ್ ಅಣ್ಣ ಎದ್ದು ನಿಂತು, ಹುಡುಗಿ ಕಲಿತದ್ದೇ ತಮ್ಮ ಅಂಗಡಿಯ ಹಿಂದಿನ ಕೋಣೆಯ ಹಳೇ ಪೂಲ್ ಮೇಜಿನ ಮೇಲೆ ಅಂದರು.

"ಆ ಮೇಜಿನ ಮೇಲೆ ನೀವು ಹೆಣ ಇಡ್ತಿದ್ರಿ," ಅಂದರು ಕಪಿತಾನ್.

"ಹೆಣ ಇಲ್ಲದಾಗ ಆಡ್ತಿದ್ಲು."

"ನಿಮ್ಮಲ್ಲಿ ಹೆಣ ಇಲ್ಲದ ದಿನ ಯಾವುದಿತ್ತು? ವ್ಯಾಪಾರ ಅಷ್ಟು ಡಲ್ ಇತ್ತಾ?"

ಇದಕ್ಕೆ ಮಿಂಗ್ ಅಣ್ಣ ಎರಡೂ ಕಡೆಯಿಂದ ಸಿಕ್ಕಿಕೊಂಡರು. ವ್ಯಾಪಾರ ಇರಲಿಲ್ಲ ಅಂದರೆ ಮರ್ಯಾದೆ ಹೋಗುತ್ತದೆ, ಇತ್ತು ಅಂದರೆ ಪೋಷಕ ಪಟ್ಟ ಹೋಗುತ್ತದೆ. ಬೆವರು ಒರೆಸಿಕೊಂಡು ಕೂತರು.

ಆಮೇಲೆ ನನ್ನನ್ನು ಸಾಕ್ಷಿಗೆ ಕರೆದರು. ಊರಿಗೆಲ್ಲ ಅನ್ನ ಹಾಕುವವಳು ನಾನು, ನನಗೆ ಎಲ್ಲ ಗೊತ್ತಿರುತ್ತದಂತೆ.

"ಪೆರ್ಲಿ, ಊಟ ಮಾಡೋವಾಗ ಆ ಹುಡುಗಿ ಯಾರನ್ನ ನೆನೆಸ್ಕೊಳ್ತಾಳೆ?" ಅಂತ ಕಪಿತಾನ್.

"ಯಾರನ್ನೂ ಇಲ್ಲ. ಇನ್ನೊಂದು ಸೌಟು ಸಾರು ಕೇಳ್ತಾಳೆ."

ಎಲ್ಲ ನಕ್ಕರು. ಕೂತುಬಿಡಬಹುದಿತ್ತು. ಮೈಕು ಕೈಯಲ್ಲಿತ್ತು. "ಆಗಾಗ ಮೊಟ್ಟೆ ಕೊಡ್ತೀನಿ," ಅಂದೆ.

ಹಿಂದಿನ ಸಾಲಿನಿಂದ ಯಾರೋ, "ಹಾಗಾದ್ರೆ ತಾಯಿ ಪೆರ್ಲಿ ಅಕ್ಕನೇ," ಅಂದರು. ಚಪ್ಪಾಳೆ ಬಿತ್ತು. ಆ ಚಪ್ಪಾಳೆ ನನಗೇ ಹೊಡೆದದ್ದು. ಐವತ್ತೇಳು ವರ್ಷದಲ್ಲಿ ನನಗೆ ಯಾರೂ ಚಪ್ಪಾಳೆ ಹೊಡೆದಿರಲಿಲ್ಲ. ಮದುವೆಯಲ್ಲಿ ಹೊಡೆದಿದ್ದರು, ಆದರೆ ಅದು ಹಂದಿ ಸುಟ್ಟವನಿಗೆ.

ತೀರ್ಮಾನ ಆಗಲಿಲ್ಲ. ಇವತ್ತು ಏನು ತಿಂದೆ ಅಂತ ನೆನಪಿಲ್ಲ.

ಸೆಪ್ಟೆಂಬರ್ ೨೪, ಬುಧವಾರ

ವೆಂಗ್ ಊಟಕ್ಕೆ ಬರಲಿಲ್ಲ.

ಸೆಪ್ಟೆಂಬರ್ ೨೫, ಗುರುವಾರ

ಇವತ್ತೂ ಇಲ್ಲ. ಬೆಂಚು ಖಾಲಿ ಇತ್ತು. ಗಿರಾಕಿಗಳು ಕೂತು ಉಂಡರು. ಅವರು ಕೂತಿದ್ದು ನೋಡಿ ಯಾಕೋ ಸಿಟ್ಟು ಬಂತು.

ಸೆಪ್ಟೆಂಬರ್ ೨೭, ಶನಿವಾರ

ಕಾರ್ಖಾನೆಗೇ ಹೋದೆ. ಆಳೆತ್ತರದ ಲಾಟೀನಿನ ಹಿಂದೆ ನೆಲದ ಮೇಲೆ ಕೂತು ಡಬ್ಬಿಯಿಂದ ತಣ್ಣನೆ ಅನ್ನ ತಿನ್ನುತ್ತಿದ್ದಳು.

"ನನ್ನ ಸಾರು ಕೆಟ್ಟು ಹೋಯ್ತಾ?" ಅಂದೆ.

"ಸಾರು ಚೆನ್ನಾಗಿದೆ ಅಕ್ಕ."

"ಮತ್ತೆ?"

ಅನ್ನ ಕೆದಕುತ್ತಾ ಹೇಳಿದಳು, "ಚೆಂಡಿಗೆ ಗುರಿ ಇಟ್ರೆ ನಿಮ್ಮೆಲ್ಲರ ಮುಖ ಕಾಣುತ್ತೆ. ಬಿಳಿ ಚೆಂಡಿನಲ್ಲಿ ಕಪಿತಾನರ ಹಲ್ಲು, ಕೊನೇ ಒಂಬತ್ತನೇ ಚೆಂಡಿನಲ್ಲಿ ಮಿಂಗ್ ಅಣ್ಣನ ಮೇಣದಬತ್ತಿ. ಎರಡು ವಾರದಿಂದ ಸುಲಭದ್ದೂ ಗುಂಡಿಗೆ ಬೀಳ್ತಿಲ್ಲ. ಸೋತ್ರೆ ಏನಾಗುತ್ತೆ ಅನ್ನೋ ಭಯ ಅಲ್ಲ ಅಕ್ಕ. ಗೆದ್ರೆ ನೀವೆಲ್ಲ ಏನು ಮಾಡ್ತೀರೋ ಅಂತ ಭಯ. ಮನಿಲಾಕ್ಕೆ ಹೋಗೋದೇ ಬೇಡ ಅನ್ನಿಸ್ತಿದೆ."

"ಹೋಗದೆ? ಆ ಇಬ್ಬರ ಮಾತು ಬಿಡು, ಅವರಿಗೆ ನಾಚಿಕೆ ಇಲ್ಲ. ನನ್ನ ಮುಖ ನೋಡಿಯಾದ್ರೂ ಹೋಗು. ವಾರ ವಾರ ಮೊಟ್ಟೆ ಹಾಕಿದ ಕೈ ಇದು."

ಅವಳು ನನ್ನನ್ನೇ ನೋಡಿದಳು. "ಒಂದು ಮೊಟ್ಟೆ ಅಕ್ಕ. ಒಡೆದಿತ್ತು."

ಪಾಪ, ದಿನವಿಡೀ ಬೆಸುಗೆ ಹೊಗೆ ಕುಡಿದು ಹುಡುಗಿಗೆ ಮರೆವು ಹತ್ತಿದೆ.

ಅಕ್ಟೋಬರ್ ೩, ಶುಕ್ರವಾರ

ವೆಂಗ್ ಹೋಗುತ್ತಾಳಂತೆ. ಕಾರ್ಖಾನೆಯವರು ಅವಳಿಗೆ ಆ ದಿನ ರಜೆ ಕೊಟ್ಟಾಗಿದೆ, ಲಾಟೀನು ಬೆಸೆಯುವುದಕ್ಕಿಂತ ಪಂದ್ಯವೇ ವಾಸಿ ಅಂದಳಂತೆ. ನನ್ನ ಮಾತಿನ ಪರಿಣಾಮ.

ಆಟದ ಅಂಗಿ ತಯಾರಾಗಿದೆ. ಎದೆಯ ಮೇಲೆ ಕಪಿತಾನರ ಮುಖ. ಬೆನ್ನ ಮೇಲೆ ಮಿಂಗ್ ಅಣ್ಣನ ಅಂಗಡಿ, ಅದರ ಕೆಳಗೆ "ನಿಮ್ಮ ಕೊನೆಯ ಪಯಣಕ್ಕೆ ನಾವಿದ್ದೇವೆ." ಎಡ ತೋಳು ಖಾಲಿ ಇತ್ತು. ಖಾಲಿ ಇದ್ದರೆ ಅಂಗಿ ಒಂದು ಕಡೆ ಎಳೆದಂತೆ ಕಾಣುತ್ತದೆ. ಹಾಗಾಗಿ ನಾನೇ ಕೂತು ಹಳದಿ ದಾರದಲ್ಲಿ ಹೊಲಿದೆ: "ಪೆರ್ಲಿ ಊಟದ ಮನೆ. ಏಳು ವರ್ಷದ ಮೊಟ್ಟೆ." ಓದಿದರೆ ಮೊಟ್ಟೆಗೇ ಏಳು ವರ್ಷ ವಯಸ್ಸಾದಂತೆ ಇದೆ ಅಂತ ಹಾಲ್‌ನವರು ನಕ್ಕರು. ಅರ್ಥ ಆಗುವವರಿಗೆ ಆಗುತ್ತದೆ. ಆ ಇಬ್ಬರ ಹಾಗೆ ಮುಖ ಹಾಕಿಸಿಕೊಳ್ಳಲಿಲ್ಲ ನಾನು. ನನಗೆ ಪ್ರಚಾರ ಬೇಡ.

ಅಕ್ಟೋಬರ್ ೯, ಗುರುವಾರ

ಬಡಾವಣೆಯ ಜೀಪು ಕೆಟ್ಟು ನಿಂತಿದೆ. ಕಪಿತಾನರ ಮುಖ ಸಣ್ಣಗಾಯಿತು. ಮಿಂಗ್ ಅಣ್ಣನ ಮುಖ ಅರಳಿತು. ಮನಿಲಾಕ್ಕೆ ಅವರ ಶವದ ಗಾಡಿಯಲ್ಲಿ ಹೋಗುವುದು ಅಂತಾಯಿತು. ಎ.ಸಿ. ಇದೆ, ಪರದೆ ಇದೆ, ರಸ್ತೆಯಲ್ಲಿ ಎಲ್ಲರೂ ದಾರಿ ಬಿಡುತ್ತಾರೆ.

"ನಾನು ಬಸ್ಸಿಗೆ ಹೋಗ್ತೀನಿ," ಅಂದಳು ವೆಂಗ್.

"ನಾವಿರೋವಾಗ ನೀನು ಬಸ್ಸಿಗೆ ಹೋದ್ರೆ ಜನ ಏನಂದಾರು?" ಅಂದೆವು, ಮೂರೂ ಜನ ಒಟ್ಟಿಗೆ.

ಅಕ್ಟೋಬರ್ ೧೧, ಶನಿವಾರ

ಮನಿಲಾದ ದೊಡ್ಡ ಮಾಲ್ ಒಂದರ ನೆಲಮಾಳಿಗೆಯಲ್ಲಿ, ನಿಂತ ಶವದ ಗಾಡಿಯೊಳಗೆ ಕೂತು ಬರೆಯುತ್ತಿದ್ದೇನೆ. ಬೇರೆ ಕೆಲಸ ಇಲ್ಲ.

ಬೆಳಿಗ್ಗೆ ಬಂದ ಕೂಡಲೇ ಮೊದಲ ವಿಘ್ನ. ಕಪ್ಪು ಕೋಟಿನ ಹೆಂಗಸು, ಪಂದ್ಯ ನಡೆಸುವವಳು, ವೆಂಗ್‌ಳನ್ನು ನಿಲ್ಲಿಸಿ ಅಂಗಿ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

"ಈ ಮುಖ ಯಾರದ್ದು?"

"ಪಿತಾಮಹರದ್ದು," ಅಂದರು ಕಪಿತಾನ್.

"ರಾಜಕೀಯದವರ ಮುಖ ನಡೆಯೋಲ್ಲ. ಶವಪೆಟ್ಟಿಗೆ ಎದುರಾಳಿಗೆ ಹೆದರಿಕೆ ಹುಟ್ಟಿಸುತ್ತೆ, ಅದೂ ನಡೆಯೋಲ್ಲ. ಈ ಏಳು ವರ್ಷದ ಮೊಟ್ಟೆ ಏನು?"

ನಾನು ಉತ್ತರ ಕೊಡುವಷ್ಟರಲ್ಲಿ ವೆಂಗ್ ಬಚ್ಚಲಿಗೆ ಹೋಗಿ ಅಂಗಿಯನ್ನು ಒಳಗು ಹೊರಗು ಮಾಡಿ ಹಾಕಿಕೊಂಡು ಬಂದಳು. ಬರೀ ಹೊಲಿಗೆ ದಾರದ ತುದಿಗಳು. ಮುಖದಲ್ಲಿ ಒಂದು ತಿಂಗಳಿನಿಂದ ಕಾಣದಿದ್ದ ಕಳೆ.

ಮೊದಲ ಆಟ ಶುರುವಾಯಿತು. ಮಿಂಗ್ ಅಣ್ಣ ಸಾಲು ಸಾಲಿಗೆ ತಮ್ಮ ಅಂಗಡಿಯ ಹೆಸರಿರುವ ಬೀಸಣಿಗೆ ಹಂಚಿದರು. ನೂರು ಜನ ಪಟಪಟ ಬೀಸತೊಡಗಿದರು. ಕಪಿತಾನ್ ಪ್ರತಿ ಚೆಂಡು ಬಿದ್ದಾಗಲೂ ಎದ್ದು, ಜನರ ಕಡೆ ತಿರುಗಿ ನಮಸ್ಕಾರ ಮಾಡಿದರು. ಕಪ್ಪು ಕೋಟಿನವಳು ಎರಡು ಸಲ ಎಚ್ಚರಿಕೆ ಕೊಟ್ಟಳು. ನಾನು ತೆಪ್ಪಗೇ ಇದ್ದೆ. ವೆಂಗ್ ಐದನೇ ಚೆಂಡಿಗೆ ಬಗ್ಗಿದಾಗ ಮಾತ್ರ, ಅವಳಿಗೆ ಗೊತ್ತಾಗಲಿಲ್ಲವೇನೋ ಅಂತ, "ಮೂಲೆ ಗುಂಡಿಗೆ ಹೊಡಿಯೇ, ಮೂಲೆಗೆ," ಅಂದೆ. ಸ್ವಲ್ಪ ಜೋರಾಗಿ ಬಂತು. ಚೆಂಡು ಗುಂಡಿಯ ಅಂಚಿಗೆ ಬಡಿದು ವಾಪಸ್ ಬಂತು.

ಕಾವಲುಗಾರ ಬಂದು ಮೂವರನ್ನೂ ಎಬ್ಬಿಸಿ ಕರೆದುಕೊಂಡು ಹೋದ. ನನ್ನ ತೋಳು ಹಿಡಿದಿದ್ದ. "ನಾನು ಅವಳ ತಾಯಿ ಸಮಾನ," ಅಂದೆ. "ಎಲ್ಲರೂ ಹಾಗೇ ಅಂತಾರಮ್ಮ," ಅಂದ.

ಈಗ ಇಲ್ಲಿ ಕೂತಿದ್ದೇವೆ. ಪೆಟ್ಟಿಗೆ ಜಾರಿಸುವ ಹಲಗೆ ಎಳೆದು, ಅದರ ಮೇಲೆ ಅನ್ನ, ಹುಳಿ ಹಂದಿಮಾಂಸ ಬಡಿಸಿದೆ. ಕಾರು ನಿಲ್ಲಿಸಲು ಬಂದವರು ನಮ್ಮನ್ನು ನೋಡಿ ಟೋಪಿ ತೆಗೆಯುತ್ತಾರೆ, ಮಿಂಗ್ ಅಣ್ಣ ತಲೆಬಾಗುತ್ತಾರೆ. ಕಾವಲುಗಾರ ಆಗಾಗ ಬಂದು ಸುದ್ದಿ ಹೇಳುತ್ತಾನೆ. ಮೊದಲ ಆಟ ಗೆದ್ದಳಂತೆ. ಎರಡನೆಯದೂ.

ಮೂರನೆಯದೂ ಗೆದ್ದಳು ಅಂದಾಗ ಕಪಿತಾನ್ ಚಮಚ ಕೆಳಗಿಟ್ಟರು.

"ಒಂದು ಹೇಳ್ತೀನಿ, ಯಾರಿಗೂ ಹೇಳ್ಬೇಡಿ. ಆ ಸೀಮೆಸುಣ್ಣ ನಾನು ಕೊಟ್ಟಿದ್ದಲ್ಲ. ನನ್ನ ಜೇಬಿನಿಂದ ಬಿತ್ತು, ಅವಳು ಎತ್ತಿಕೊಂಡ್ಲು. ಜೇಬಿಗೆ ಬಂದಿದ್ದೂ ಹಾಲ್‌ನಿಂದಾನೇ."

ಮಿಂಗ್ ಅಣ್ಣ ಮೂಳೆ ಚೀಪುತ್ತಲೇ ಅಂದರು, "ನಾನು ಆ ಮೇಜು ಮುಟ್ಟೋಕೇ ಬಿಡ್ತಿರಲಿಲ್ಲ. ಹತ್ತು ವರ್ಷದ ಹುಡುಗಿ, ಕಿಟಕಿ ಹಾರಿ ಬಂದು ಆಡ್ತಿದ್ಲು. ಪೊರಕೆ ತಗೊಂಡು ಓಡಿಸ್ತಿದ್ದೆ. ಅವಳು ಅಷ್ಟು ಬೇಗ ಬೇಗ ಹೊಡೆಯೋದು ಯಾಕೆ ಅಂದ್ಕೊಂಡ್ರಿ?"

ಇಬ್ಬರೂ ನನ್ನ ಕಡೆ ನೋಡಿದರು.

ನಾನು ಕೊಟ್ಟದ್ದು ನಿಜವಾಗಿ ಕೊಟ್ಟದ್ದೇ. ಕೆಲವು ದಿನ ಅವಳಿಗೆ ಸಾರಿನಲ್ಲಿ ಮೇಲಿನ ತಿಳಿ ಮಾತ್ರ ಹಾಕಿದ್ದೇನೆ, ಗಟ್ಟಿಯದು ಬೇರೆ ಗಿರಾಕಿಗಳಿಗೆ ಇರಲಿ ಅಂತ. ಅದು ಹೇಳುವ ವಿಷಯ ಅಲ್ಲ. ಅನ್ನ ಇನ್ನೂ ಇದೆ, ಬೇಕಾ ಅಂತ ಕೇಳಿದೆ.

ಅಕ್ಟೋಬರ್ ೧೨, ಭಾನುವಾರ

ನಿನ್ನೆಯದು ಮುಗಿಸಬೇಕು. ಸಂಜೆ ನಾಲ್ಕೂವರೆಗೆ ಲಿಫ್ಟಿನ ಬಾಗಿಲು ತೆರೆಯಿತು. ಒಳಗು ಹೊರಗಾದ ಅಂಗಿ, ಬಗಲಲ್ಲಿ ಕೋಲಿನ ಚೀಲ, ಇನ್ನೊಂದು ಕೈಯಲ್ಲಿ ತನ್ನ ಸೊಂಟದೆತ್ತರದ ಬಹುಮಾನದ ಬಟ್ಟಲು. ವೆಂಗ್ ಗೆದ್ದಿದ್ದಳು.

"ನೀವೆಲ್ಲ ಎಲ್ಲಿ ಹೋಗಿದ್ರಿ?"

"ಇಲ್ಲೇ," ಅಂದೆವು.

"ಬೆಳಿಗ್ಗೆಯಿಂದ? ಇದರೊಳಗೆ?"

ಬಟ್ಟಲು ಕೆಳಗಿಟ್ಟು, ಗಾಡಿಯ ಹಿಂಬದಿಗೆ ಒರಗಿ ನಗಲು ಶುರು ಮಾಡಿದಳು. ನಕ್ಕು ನಕ್ಕು ಕೊನೆಗೆ ನೆಲದ ಮೇಲೇ ಕೂತಳು. ಕಣ್ಣಲ್ಲಿ ನೀರು. "ನಾನು ಇಂಥ ನಿಶ್ಶಬ್ದದಲ್ಲಿ ಜೀವಮಾನದಲ್ಲಿ ಆಡಿರಲಿಲ್ಲ ಅಕ್ಕ. ಚೆಂಡು ಬರೀ ಚೆಂಡಾಗಿ ಕಾಣ್ತಿತ್ತು."

ವಾಪಸ್ ಬರುವಾಗ ಅವಳಿಗೆ ಕೂರಲೂ ತ್ರಾಣ ಇರಲಿಲ್ಲ. ಹಲಗೆಯ ಮೇಲೆ ನೀಟಾಗಿ ಮಲಗಿ, ಎದೆಯ ಮೇಲೆ ಬಟ್ಟಲು ತಬ್ಬಿಕೊಂಡು ನಿದ್ದೆ ಹೋದಳು. ಸುಂಕದ ಕಟ್ಟೆಯಲ್ಲಿ ಕೂತಿದ್ದವನು ಕಿಟಕಿಯಿಂದ ಇಣುಕಿ ನೋಡಿ, "ಛೇ, ಎಷ್ಟು ಚಿಕ್ಕ ವಯಸ್ಸು," ಅಂದ. ಅಷ್ಟರಲ್ಲಿ ವೆಂಗ್ ಮಗ್ಗುಲು ಬದಲಿಸಿದಳು. ಅವನು ಗೇಟು ಎತ್ತುವುದನ್ನೇ ಮರೆತ.

ನಾನು ದಾರಿಯುದ್ದಕ್ಕೂ ಅವಳ ತಲೆ ಹಲಗೆಗೆ ಬಡಿಯದ ಹಾಗೆ ಕೈ ಒತ್ತಿಟ್ಟುಕೊಂಡಿದ್ದೆ. ಕೈ ಇನ್ನೂ ಜೋಮು ಹಿಡಿದಿದೆ.

ಅಕ್ಟೋಬರ್ ೧೬, ಗುರುವಾರ

ಹೊಸ ಫ್ಲೆಕ್ಸ್‌ಗಳು ಬಂದಿವೆ. ಕಪಿತಾನರದ್ದು: "ಆಟಗಾರ್ತಿಯ ಏಕಾಗ್ರತೆಗಾಗಿ ಮೊದಲು ಹೊರನಡೆದ ತ್ಯಾಗಜೀವಿ." ಮಿಂಗ್ ಅಣ್ಣನದ್ದು, ಲಿಲ್ಲಿ ಹೂಗಳ ನಡುವೆ: "ಮೊದಲು ಹೊರಹಾಕಲ್ಪಟ್ಟವರು ನಾವು." ಇಬ್ಬರೂ ನನ್ನ ಅಂಗಡಿಯಲ್ಲೇ ಕಾಫಿ ಲೋಟ ಹಿಡಿದು ಜಗಳಕ್ಕೆ ನಿಂತರು. ಕಾವಲುಗಾರ ಮೊದಲು ಮುಟ್ಟಿದ್ದು ತಮ್ಮ ಕಾಲರ್ ಅಂತ ಒಬ್ಬರು, ತಮ್ಮ ಬೀಸಣಿಗೆ ಅಂತ ಇನ್ನೊಬ್ಬರು. ಇಬ್ಬರದ್ದೂ ಸುಳ್ಳು. ಮೊದಲು ಹಿಡಿದದ್ದು ನನ್ನ ತೋಳು. ಹಾಗೆ ನೋಡಿದರೆ ನಾನು ಕೂಗಿದ್ದಕ್ಕೇ ಮೂವರೂ ಹೊರಗೆ ಬಿದ್ದದ್ದು, ಮೂವರೂ ಹೊರಗೆ ಬಿದ್ದದ್ದಕ್ಕೇ ಅವಳು ಗೆದ್ದದ್ದು. ಆದರೆ ಹೇಳಿಕೊಳ್ಳುವ ಸ್ವಭಾವ ನನ್ನದಲ್ಲ. ಹೊತ್ತು ಏರುವವರೆಗೆ ಬಂದ ಹನ್ನೊಂದು ಗಿರಾಕಿಗಳಿಗೆ ಮಾತ್ರ ಹೇಳಿದೆ.

ಮಧ್ಯಾಹ್ನ ವೆಂಗ್ ಊಟಕ್ಕೆ ಬಂದಳು. ಬಂದಳು, ಬೆಂಚಿನ ಮೇಲೆ ಕೂತಳು. ತಳದಿಂದ ಕಲಕಿ ಗಟ್ಟಿಯದೇ ಹಾಕಿದೆ, ಮಾಂಸ ಮೂರು ತುಂಡು.

"ಅಕ್ಕ, ಉಣ್ಣೋ ತನಕ ಏನೂ ಮಾತಾಡ್ಬೇಡಿ, ಆಯ್ತಾ?"

ಮಾತಾಡಲಿಲ್ಲ. ಬಾಯಿಗೆ ಸೆರಗಿನಂತೆ ಒರೆಸುವ ಬಟ್ಟೆ ಅಡ್ಡ ಹಿಡಿದುಕೊಂಡು ನಿಂತೆ. ಅವಳು ಎರಡು ಬಟ್ಟಲು ಅನ್ನ ಉಂಡಳು. ಕೈ ತೊಳೆದ ಮೇಲೆ ತಡೆಯಲಾಗದೆ ಕೇಳಿದೆ.

"ತೈವಾನ್‌ಗೆ ಯಾರ್ಯಾರು ಬರೋದು?"

"ನಾನೊಬ್ಬಳೇ."

"ಹೊರಗಡೆ ಕೂತ್ಕೊಳ್ತೀವಲ್ಲ. ಗಾಡಿ ಇಲ್ಲದಿದ್ರೂ ಪರವಾಗಿಲ್ಲ, ನೆಲದ ಮೇಲೆ ಕೂತೇವು."

ಅವಳು ನನ್ನ ಕೈ ಹಿಡಿದುಕೊಂಡಳು. "ಅಕ್ಕ, ನೀವು ಹೊರಗಿದ್ದಿದ್ದಕ್ಕೆ ಇಲ್ಲಿ ಗೆದ್ದೆ. ತೈವಾನ್‌ನಲ್ಲಿ ದೊಡ್ಡ ದೊಡ್ಡವರು ಇರ್ತಾರೆ. ಅಲ್ಲಿ ಗೆಲ್ಬೇಕಾದ್ರೆ ನೀವು ಇನ್ನೂ ದೂರ ಇರ್ಬೇಕು. ಸಮುದ್ರದ ಈಚೆ ಇದ್ರೆ ಸಾಕು. ಆ ಇಬ್ಬರನ್ನೂ ಹಿಡಿದಿಟ್ಟುಕೊಳ್ಳೋರು ಊರಲ್ಲಿ ನಿಮ್ಮನ್ನ ಬಿಟ್ರೆ ಯಾರೂ ಇಲ್ಲ."

ಊರಲ್ಲಿ ಇಷ್ಟು ಜನ ಇದ್ದರೂ ಅವಳು ನಂಬಿ ಕೇಳಿದ್ದು ನನ್ನನ್ನು. ಆಯಿತು ಅಂದೆ. ಕಪಿತಾನರಿಗೂ ಮಿಂಗ್ ಅಣ್ಣನಿಗೂ ತೈವಾನ್ ಪಂದ್ಯದ ವಾರ ಪೂರ್ತಿ ಮೂರು ಹೊತ್ತು ಇಲ್ಲೇ ಊಟ, ಯಾರೂ ಅಲ್ಲಾಡುವ ಹಾಗಿಲ್ಲ. ಹುಡುಗಿ ಅಲ್ಲಿ ಒಂಬತ್ತು ಚೆಂಡು ನೋಡಿಕೊಂಡರೆ ಸಾಕು. ಉಳಿದದ್ದೆಲ್ಲ ನಾನು ಇಲ್ಲಿಂದಲೇ ಗೆಲ್ಲಿಸುತ್ತೇನೆ.